ಬೊಗ್ಗನ ಎಲೆ

ಉಡುಪಿಯ ಮಾರ್ಕೆಟಿನಲ್ಲಿ ಬಾಳೆಎಲೆ ಮಾರುವ ಹೆಂಗಸು ನಮ್ಮ ಕಡೆಯವಳು. ನಮ್ಮ ಕಡೆ ಎಂದರೆ ಗದಗಿನ ಕಡೆ. ಈ ಊರಿಗೆ ಬಂದು ಇಷ್ಟು ವರ್ಷವಾದರೂ ಆ ಗದ್ದಲದಲ್ಲಿ ನನ್ನ ಕಿವಿಗೆ ಮೊದಲು ಬೀಳುವುದು ಅವಳ ‘ಬರ್ರಿ ಅಕ್ಕಾರ’ ಎಂಬ ಮಾತೇ. ಮೊನ್ನೆ ಸುರಿಯುವ ಮಳೆಯಲ್ಲಿ, ಕೊಡೆಯನ್ನು ಕುತ್ತಿಗೆಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಅವಳ ಮುಂದೆ ನಿಂತೆ. ಆಗಷ್ಟೇ ಕೊಯ್ದು ತಂದ ಕುಡಿ ಎಲೆಗಳು ಒದ್ದೆ ಗೋಣಿಯ ಮೇಲೆ ಬಿದ್ದಿದ್ದವು. ನೆನೆದ ಬಾಳೆಎಲೆಗೆ ಒಗರಾದ ಒಂದು ವಾಸನೆ ಇರುತ್ತದೆ, ನೀವೂ ಬಲ್ಲಿರಿ. ಆ ವಾಸನೆ ಮೂಗಿಗೆ ಬಡಿದದ್ದೇ ನನಗೆ ಬೊಗ್ಗನ ನೆನಪಾಯಿತು.

“ಎಷ್ಟು ಎಲಿ ಕೊಡ್ಲಿ ಅಕ್ಕಾರ?” ಎಂದಳು. ಪ್ರತಿ ವರ್ಷ ಥಟ್ಟನೆ ಹೇಳುತ್ತಿದ್ದವಳು ಈ ಸಲ ಬಾಯಿ ತೆರೆದು ಸುಮ್ಮನೆ ನಿಂತೆ. “ಮಂದಿ ಎಷ್ಟ ಅದಾರ ಹೇಳ್ರಿ, ನಾನ ಎಣಿಸಿ ಕೊಡ್ತೇನಿ,” ಎಂದಳು. ಮಂದಿ ಇಲ್ಲ ಎನ್ನುವುದೇ ತೊಂದರೆ. ಉಣ್ಣಲು ಬರುವವರೆಲ್ಲ ತೀರಿಹೋದವರು. ಅವರಲ್ಲಿ ಒಬ್ಬರು ಈ ವರ್ಷ ಹೊಸಬರು, ನನ್ನ ಅತ್ತೆ. ಇನ್ನೊಬ್ಬ ನಾಯಿ. ಅವನ ಹೆಸರೇ ಬೊಗ್ಗ.

ಗೊತ್ತಿಲ್ಲದವರಿಗೆ ಹೇಳಬೇಕು. ಆಟಿ ಎಂದರೆ ತುಳುವರ ಲೆಕ್ಕದಲ್ಲಿ ಮಳೆ ಬಿಡದೆ ಹೊಡೆಯುವ ತಿಂಗಳು. ಆ ತಿಂಗಳಲ್ಲಿ ಒಂದು ದಿನ, ಮನೆಯಲ್ಲಿ ತೀರಿಕೊಂಡವರಿಗೆ ಬಡಿಸುತ್ತಾರೆ. ಒಬ್ಬೊಬ್ಬರಿಗೂ ಒಂದೊಂದು ಎಲೆ, ಎಲೆಯ ಮೇಲೆ ಅವರವರಿಗೆ ಇಷ್ಟವಿದ್ದ ಪದಾರ್ಥ. ಬಡಿಸಿಯಾದ ಮೇಲೆ ಹೆಸರು ಹಿಡಿದು ಕರೆದು, ಉಣ್ಣಿ ಎಂದು ಹೇಳಿ, ಬದುಕಿರುವವರೆಲ್ಲ ಹೊರಗೆ ಬಂದು ಬಾಗಿಲು ಮುಚ್ಚಬೇಕು. ನಾವು ನೋಡುತ್ತ ನಿಂತರೆ ಅವರಿಗೆ ಉಣ್ಣಲು ಸಂಕೋಚ. ಸ್ವಲ್ಪ ಹೊತ್ತು ಬಿಟ್ಟು, ಬಾಗಿಲು ತಟ್ಟಿ, ಒಳಗೆ ಹೋಗುವುದು. ಸತ್ತವರ ಸಂಕೋಚವನ್ನೂ ಯೋಚಿಸುವ ಈ ಜನರ ಬಗ್ಗೆ ನನಗೆ ಮೊದಲಿನಿಂದಲೂ ಕುತೂಹಲ.

ನಾನು ಇಲ್ಲಿಗೆ ಬಂದದ್ದು ತೊಂಬತ್ತರ ದಶಕದ ಕೊನೆಯಲ್ಲಿ, ಮಣಿಪಾಲದ ಒಂದು ಸಣ್ಣ ಪ್ರೆಸ್ಸಿನಲ್ಲಿ ಕರಡು ತಿದ್ದುವ ಕೆಲಸಕ್ಕೆ. ಮದುವೆ ಕಾಗದ, ಗೃಹಪ್ರವೇಶದ ಕಾಗದ, ಉತ್ತರಕ್ರಿಯೆಯ ಕಾಗದ. ಹುಟ್ಟೊಂದನ್ನು ಬಿಟ್ಟು ಮನುಷ್ಯರ ಬಾಳೆಲ್ಲ ನನ್ನ ಕೆಂಪು ಪೆನ್ನಿನ ಕೆಳಗೆ ಹಾದುಹೋಗುತ್ತಿತ್ತು. ಅದೇ ಪ್ರೆಸ್ಸಿನಲ್ಲಿ ಯಂತ್ರ ನೋಡಿಕೊಳ್ಳುತ್ತಿದ್ದ ಕಾಪುವಿನ ಹುಡುಗನನ್ನು ಮದುವೆಯಾದೆ. ‘ಮೀನು ತಿನ್ನೋರ ಮನಿ’ ಎಂದು ನಮ್ಮಪ್ಪ ಕೆಲವು ದಿನ ನನ್ನೊಡನೆ ಮಾತು ಬಿಟ್ಟಿದ್ದ. ಆಮೇಲೆ ಮಗಳನ್ನು ನೋಡಲು ಬಂದು, ಅತ್ತೆ ಮಾಡಿದ ನೀರುದೋಸೆ ತಿಂದು, ಮೀನಿನ ವಿಷಯ ಎತ್ತದೆ ಹೋದ.

ಮನೆ ಕಾಪು ಪೇಟೆಯಿಂದ ಶಿರ್ವದ ಕಡೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ. ಹೆಂಚಿನ ಮಾಡು, ಮುಂದೆ ಕೆಂಪು ಸಿಮೆಂಟಿನ ಜಗಲಿ, ಜಗಲಿಯಲ್ಲಿ ಕಾಲು ಚಾಚಿ ಕೂತು ಬೀಡಿ ಕಟ್ಟುವ ಅತ್ತೆ. ಮಡಿಲಲ್ಲಿ ಮೊರ, ಮೊರದಲ್ಲಿ ಬೀಡಿಯ ಎಲೆ ಮತ್ತು ಹೊಗೆಸೊಪ್ಪು. ಬಾಯಿ ಮಾತಾಡುತ್ತಿದ್ದರೂ ಬೆರಳುಗಳು ನಿಲ್ಲುತ್ತಿರಲಿಲ್ಲ. ಮನೆಯಲ್ಲಿ ಎಲ್ಲರೊಡನೆ ತುಳು ಆಡುವ ಅವರು ನನಗೋಸ್ಕರ ಶಾಲೆಯಲ್ಲಿ ಕಲಿತ ಕನ್ನಡವನ್ನು ಪೆಟ್ಟಿಗೆಯಿಂದ ತೆಗೆದು ಉಪಯೋಗಿಸುತ್ತಿದ್ದರು. ಅದರಲ್ಲಿ ಒಂದು ಅಕ್ಷರವೂ ಅಪಭ್ರಂಶವಾಗುತ್ತಿರಲಿಲ್ಲ. ನನ್ನ ಕನ್ನಡದ ಬಗ್ಗೆ ಮಾತ್ರ ಅವರಿಗೆ ಅನುಮಾನವಿತ್ತು. “ನೀನು ಮಾತಾಡುವುದಾ, ಜಗಳ ಮಾಡುವುದಾ ಅಂತ ನನಗೆ ಗೊತ್ತಾಗುವುದಿಲ್ಲ ಮಾರಾಯ್ತಿ,” ಎನ್ನುತ್ತಿದ್ದರು.

ಆ ಮನೆಗೆ ಹೋದ ಮೊದಲ ವಾರದಿಂದಲೇ ನನಗೆ ಬೊಗ್ಗನ ಹೆಸರು ಕೇಳಿಸತೊಡಗಿತು. ಬೊಗ್ಗ ಎಂದರೆ ಈ ಕಡೆ ನಾಯಿಗೆ ಇಡುವ ಹೆಸರು ಎಂದು ಇಲ್ಲಿನ ಮಕ್ಕಳಿಗೂ ಗೊತ್ತು. ಆದರೆ ಹಳೆಯ ತಲೆಮಾರಿನ ಗಂಡಸರಿಗೂ ಆ ಹೆಸರಿದೆ. ನಾನು ಬಲ್ಲದ್ದು ಆ ಗಂಡಸರನ್ನು ಮಾತ್ರ. ಉತ್ತರಕ್ರಿಯೆಯ ಕಾಗದಗಳಲ್ಲಿ ಬೊಗ್ಗ ಎಂಬ ಹಿರಿಯರ ಹೆಸರಿನ ಒತ್ತಕ್ಷರವನ್ನು ನಾನೇ ಎಷ್ಟೋ ಸಲ ತಿದ್ದಿದ್ದೆ. ಅದೂ ಅಲ್ಲದೆ ಅತ್ತೆ ಯಾವಾಗಲೂ ‘ಅವ’ ಎನ್ನುತ್ತಿದ್ದರು. ಕನ್ನಡದಲ್ಲಿ ನಾಯಿ ‘ಅದು’ ತಾನೆ? ವ್ಯಾಕರಣವನ್ನು ನಂಬಿ ಕೆಟ್ಟವರ ಪಟ್ಟಿಯಲ್ಲಿ ನನ್ನದೂ ಒಂದು ಹೆಸರಿರಲಿ.

“ಅವ ಇರುವಾಗ ಪೋಸ್ಟಿನವರು ಅಂಗಳಕ್ಕೆ ಕಾಲಿಡುತ್ತಿರಲಿಲ್ಲ,” ಎನ್ನುತ್ತಿದ್ದರು ಅತ್ತೆ. ಮುಂಗೋಪಿಯಾಗಿದ್ದನೇನೋ ಎಂದುಕೊಂಡೆ. “ಅವ ಮಲಗುವುದು ಜಗಲಿಯಲ್ಲೇ. ಎಷ್ಟು ಚಳಿಯಾದರೂ ಒಳಗೆ ಬಂದವನಲ್ಲ.” ಪಾಪ, ಹೊರಗಿನ ಆಳು, ಒಳಗೆ ಬಿಟ್ಟಿರಲಿಕ್ಕಿಲ್ಲ ಎಂದುಕೊಂಡೆ. “ಬೊಗ್ಗ ಇದ್ದಿದ್ದರೆ ಈ ಮೀನಿನ ತಲೆ ಹೀಗೆ ದಂಡ ಆಗುತ್ತಿತ್ತಾ?” ಆಳಿಗೆ ಮೀನಿನ ತಲೆ ಮಾತ್ರ ಹಾಕುವ ಮನೆಗೆ ಬಂದು ಬಿದ್ದೆನಲ್ಲ ಎಂದು ನನಗೆ ಆ ದಿನ ಊಟವೇ ಸೇರಲಿಲ್ಲ. ದಿನಾ ಸಂಜೆ ಅತ್ತೆ ಕಟ್ಟಿದ ಬೀಡಿಗಳನ್ನು ಕಂಪನಿಯ ಬ್ರಾಂಚಿಗೆ ಕೊಟ್ಟುಬರಲು ಹೋಗುವಾಗ ಅವ ಜೊತೆಗೆ ನಡೆದು ಹೋಗುತ್ತಿದ್ದನಂತೆ. ಬರುವಾಗ ಅತ್ತೆ ಹೋಟೆಲಿನಿಂದ ಅವನಿಗೆ ಒಂದು ಗೋಲಿಬಜೆ ತೆಗೆದುಕೊಡುತ್ತಿದ್ದರಂತೆ. ಅಷ್ಟಾದರೂ ಕರುಣೆ ಇತ್ತಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಗಂಡನನ್ನು ಕೇಳಬಾರದಿತ್ತೇ ಎನ್ನುತ್ತೀರಿ. ಕೇಳಿದೆ. “ಬೊಗ್ಗ ನಿಮಗೆ ಏನಾಗಬೇಕು?” ಎಂದೆ. ಅವರು ಸೈಕಲ್ಲಿನ ಚೈನು ಸರಿಮಾಡುತ್ತ, ತಲೆ ಎತ್ತದೆ, “ಎಂತ ಆಗ್ಬೇಕು, ನಾವೆಲ್ಲ ಒಟ್ಟಿಗೆ ಬೆಳೆದವರು,” ಎಂದರು. ಆ ದನಿ ಸ್ವಲ್ಪ ಒದ್ದೆಯಾಗಿತ್ತು. ಒಟ್ಟಿಗೆ ಬೆಳೆದವನನ್ನು ಜಗಲಿಯಲ್ಲಿ ಮಲಗಿಸಿದಿರಾ ಎಂದು ಕೇಳಬೇಕೆನಿಸಿತು. ಹೊಸ ಸೊಸೆ, ನಾಲಿಗೆ ಕಚ್ಚಿಕೊಂಡೆ.

ಮದುವೆಯಾದ ಮೊದಲ ವರ್ಷದ ಆಟಿಯಲ್ಲಿ ಸೊಸೆ ತವರಿನಲ್ಲಿರಬೇಕು ಎಂಬುದು ಇಲ್ಲಿಯ ಪದ್ಧತಿ. ನಮ್ಮ ಕಡೆಯೂ ಆಷಾಢಕ್ಕೆ ಹಾಗೆಯೇ. ಹಾಗಾಗಿ ನಾನು ಗದಗಿನಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತ ಕೂತಿದ್ದೆ. ಸತ್ತವರಿಗೆ ಬಡಿಸುವುದನ್ನು ಕಣ್ಣಾರೆ ಕಂಡದ್ದು ಎರಡನೆಯ ವರ್ಷ. ಒಳಗಿನ ಕೋಣೆಯಲ್ಲಿ ಸಾಲಾಗಿ ಎಲೆ ಹಾಕಿದರು. ಕುಚ್ಚಲಕ್ಕಿ ಅನ್ನ, ಕೋಳಿಸಾರು, ರೊಟ್ಟಿ, ಪತ್ರೊಡೆ. ಮಾವನ ಎಲೆಯ ಪಕ್ಕದಲ್ಲಿ ಒಂದು ಕಟ್ಟು ಬೀಡಿ ಮತ್ತು ಬೆಂಕಿಪೆಟ್ಟಿಗೆ. ಆಮೇಲೆ ಅತ್ತೆ ಒಂದು ಸಣ್ಣ ಕುಡಿ ಎಲೆ ಹಿಡಿದು ಜಗಲಿಗೆ ಹೋದರು. ಮೆಟ್ಟಿಲ ಹತ್ತಿರ, ಜಗಲಿಯ ತುದಿಯಲ್ಲಿ ಅದನ್ನು ಹಾಸಿದರು. ಅನ್ನ, ಸುಟ್ಟ ಒಣಮೀನು, ಬದಿಯಲ್ಲೊಂದು ಗೋಲಿಬಜೆ. “ಬೊಗ್ಗಾ, ಬಾ, ಉಣ್ಣು,” ಎಂದರು.

ನನ್ನ ಮೈ ಉರಿಯಿತು. ಬದುಕಿದ್ದಾಗಲೂ ಹೊರಗೆ, ಸತ್ತ ಮೇಲೂ ಹೊರಗೆ. ಒಳಗಿನವರಿಗೆ ಕೋಳಿ, ಇವನಿಗೆ ಒಣಮೀನು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಜಾತಿಪದ್ಧತಿಯ ವಿರುದ್ಧ ಮಾತಾಡಿ ಕಪ್ ಗೆದ್ದವಳು. ಎಲ್ಲರೂ ಕೊಡೆ ಹುಡುಕುವ ಗಡಿಬಿಡಿಯಲ್ಲಿದ್ದಾಗ ಜಗಲಿಯ ಎಲೆಯನ್ನು ಎರಡೂ ಕೈಯಲ್ಲಿ ಎತ್ತಿ ಒಳಗೆ ತಂದೆ. ಮಾವನ ಎಲೆಯ ಪಕ್ಕದಲ್ಲಿಟ್ಟು, ಒಂದು ಸೌಟು ಕೋಳಿಸಾರು ಬಡಿಸಿ, ಏನೂ ಅರಿಯದವಳಂತೆ ಹೊರಗೆ ಬಂದೆ. ದೊಡ್ಡ ಮಾವ, ಎಂದರೆ ಮಾವನ ಅಣ್ಣ, ಬಾಗಿಲು ಮುಚ್ಚಿದರು.

ಕೊಡೆ ಯಾಕೆ ಎಂದಿರಾ? ಬೇರೆ ಮನೆಗಳಲ್ಲಿ ಬಾಗಿಲು ಮುಚ್ಚಿದ ಮೇಲೆ ಜನ ಜಗಲಿಯಲ್ಲಿ ಕೂತು ಕಾಯುತ್ತಾರೆ. ನಮ್ಮ ಮನೆಯಲ್ಲಿ ಜಗಲಿ ಬೊಗ್ಗನದು. ಅವ ಉಣ್ಣುವಾಗ ಅಲ್ಲಿ ಯಾರೂ ಇರಬಾರದು. ಆದ್ದರಿಂದ ಇಡೀ ಸಂಸಾರ ಆಟಿಯ ಮಳೆಯಲ್ಲಿ, ಅಂಗಳದಲ್ಲಿ, ಕೊಡೆ ಹಿಡಿದು ನಿಲ್ಲುತ್ತಿತ್ತು. ಇದನ್ನೆಲ್ಲ ನಾನು ಅರ್ಥಮಾಡಿಕೊಂಡದ್ದು ಆಮೇಲೆ. ಆ ಹೊತ್ತಿನಲ್ಲಿ ನೆಂಟರಿಗೆ ಮಳೆ ಎಂದರೆ ಇಷ್ಟವೇನೋ ಎಂದುಕೊಂಡು ನಾನೂ ನಿಂತಿದ್ದೆ.

ಅತ್ತೆ ಜಗಲಿಯ ಕಡೆ ನೋಡಿದರು. “ಎಲೆ ಎಲ್ಲಿ?”

ಇದೇ ಸಮಯ ಎಂದು ನಾನು ಗಂಟಲು ಸರಿಮಾಡಿಕೊಂಡೆ. “ಒಳಗಿಟ್ಟೀನಿ ಅತ್ತಿ. ಸತ್ತ ಮ್ಯಾಲರೆ ಅವರನ್ನ ಒಳಗ ಕೂಡ್ರಿಸಬಾರದೇನು? ಅವರೂ ಮನುಷ್ಯಾರ ಅಲ್ಲೇನು?”

“ಯಾರನ್ನು?” ಎಂದರು ದೊಡ್ಡ ಮಾವ.

“ಬೊಗ್ಗ ಅವರನ್ನ.”

ದೊಡ್ಡ ಮಾವ ನಗತೊಡಗಿದರು. ನಕ್ಕು ನಕ್ಕು ಅವರ ಕೊಡೆ ವಾಲಿ ನೀರೆಲ್ಲ ನನ್ನ ಗಂಡನ ಮೇಲೆ ಸುರಿಯಿತು. ಗಂಡ ನನ್ನ ಕಿವಿಯ ಹತ್ತಿರ ಬಂದು, “ಅದು ನಾಯಿ ಮಾರಾಯ್ತಿ,” ಎಂದರು. ಭೂಮಿ ಬಾಯಿ ತೆರೆಯಬಾರದೇ ಎನ್ನುತ್ತಾರಲ್ಲ, ಅದು ನಿಜಕ್ಕೂ ಬೇಕಾದ ಹೊತ್ತು ಅದು. ಅಂಗಳದ ಕೆಸರು ಕೂಡ ನನ್ನ ಸಹಾಯಕ್ಕೆ ಬರಲಿಲ್ಲ.

ಅತ್ತೆ ಮಾತ್ರ ನಗಲಿಲ್ಲ. ಅವರ ಮುಖ ಸಣ್ಣದಾಗಿತ್ತು. “ಅವ ಒಳಗೆ ಬರುವುದಿಲ್ಲ ಮಗಳೇ,” ಎಂದರು. “ಬಂದು ಜಗಲಿಯಲ್ಲಿ ನೋಡುತ್ತಾನೆ. ಎಲೆ ಇಲ್ಲ. ಹಸಿದುಕೊಂಡು ವಾಪಸ್ಸು ಹೋಗುತ್ತಾನೆ.” ಹಾಗೆ ಹೇಳುತ್ತಲೇ ಕೊಡೆಯನ್ನು ನನ್ನ ಕೈಗೆ ಕೊಟ್ಟು ಮೆಟ್ಟಿಲು ಹತ್ತಿದರು. ದೊಡ್ಡ ಮಾವನ ನಗು ನಿಂತಿತು. “ಬಾಗಿಲು ತೆರೆಯಬೇಡ. ಅವರೆಲ್ಲ ಉಣ್ಣುತ್ತಿದ್ದಾರೆ. ನಡುವೆ ತೆರೆಯಬಾರದು ಅಂತ ಗೊತ್ತಿಲ್ಲವಾ?” ಎಂದು ಕೂಗಿದರು. “ಅವರಿಗೆ ಹೇಳಿ ತೆರೆಯುತ್ತೇನೆ,” ಎಂದರು ಅತ್ತೆ. ಬಾಗಿಲ ಬಳಿ ತಗ್ಗಿದ ದನಿಯಲ್ಲಿ ತುಳುವಿನಲ್ಲಿ ಏನೋ ಕ್ಷಮೆ ಕೇಳಿ, ಒಳಗೆ ಹೋಗಿ, ಎಲೆ ತಂದು, ಅದರ ಜಾಗದಲ್ಲಿ ಹಾಸಿದರು. ನಾನು ಬಡಿಸಿದ ಕೋಳಿಸಾರನ್ನು ತೆಗೆಯಲಿಲ್ಲ. ಮತ್ತೆ ಬಾಗಿಲು ಮುಚ್ಚಿ ಅಂಗಳಕ್ಕಿಳಿದು ನನ್ನ ಕೊಡೆಯ ಕೆಳಗೇ ನಿಂತರು.

ಸಂಜೆ, ಬೀಡಿ ಕಟ್ಟುತ್ತ, ಅವರೇ ಹೇಳಿದರು. ಮಾವ ಮುಂಬಯಿಯಲ್ಲಿ ಒಂದು ಕ್ಯಾಂಟೀನಿನಲ್ಲಿದ್ದವರು. ಅಲ್ಲಿಯೇ ತೀರಿಕೊಂಡರು, ಅಲ್ಲಿಯೇ ಸುಟ್ಟರು. ಇಲ್ಲಿಗೆ ಬಂದದ್ದು ಸುದ್ದಿ ಮಾತ್ರ. “ಮನೆ ತುಂಬ ಜನ. ಎಲ್ಲರೂ ಉಣ್ಣು, ಉಣ್ಣು ಅಂತ ಹೇಳಿದರು. ನನಗೆ ಗಂಟಲಲ್ಲಿ ಇಳಿಯಲಿಲ್ಲ. ಮರುದಿನವೂ ಇಳಿಯಲಿಲ್ಲ. ಜನ ಹೇಳುವಷ್ಟು ಹೇಳಿ ಹೋದರು. ಅವ ಮಾತ್ರ ಇಲ್ಲಿ, ಈ ಮೆಟ್ಟಿಲ ಹತ್ತಿರ, ಅನ್ನದ ತಟ್ಟೆ ಮುಂದೆ ಇಟ್ಟುಕೊಂಡು ಕೂತಿದ್ದಾನೆ. ಮೂಸಲೂ ಇಲ್ಲ. ನನ್ನ ಮುಖ ನೋಡುವುದು, ತಟ್ಟೆ ನೋಡುವುದು. ಎಷ್ಟು ಅಂತ ನೋಡಿಕೊಂಡು ಕೂರುವುದು ನಾನು? ಕಡೆಗೆ ಒಂದು ಬಟ್ಟಲು ಗಂಜಿ ತಂದು ಅವನ ಹತ್ತಿರ ಕೂತು ಕುಡಿದೆ. ಆಗ ಅವ ಬಾಯಿ ಹಾಕಿದ.” ಬೆರಳುಗಳು ಒಂದು ಕ್ಷಣ ನಿಂತವು. “ಅವನಿಗೆ ಬೇಕಾಗಿ ನಾನು ಉಂಡದ್ದು. ಇಲ್ಲದಿದ್ದರೆ ಈ ಮಕ್ಕಳನ್ನು ನೋಡಲಿಕ್ಕೆ ನಾನು ಇರುತ್ತಿರಲಿಲ್ಲ. ಈಗ ನಾನು ಬಡಿಸದಿದ್ದರೆ ಅವನಿಗೆ ಬೇರೆ ಯಾರು ಉಂಟು ಹೇಳು?”

ಆವತ್ತಿನಿಂದ ಅತ್ತೆ ಮಧ್ಯಾಹ್ನದ ಊಟವನ್ನು ಜಗಲಿಯಲ್ಲೇ ಮಾಡುತ್ತಿದ್ದರಂತೆ. ಬೊಗ್ಗ ಮುದುಕನಾಗಿ ಸತ್ತ ಮೇಲೂ ಅದು ತಪ್ಪಲಿಲ್ಲ. ಅವ ಸತ್ತ ವರ್ಷ ಆಟಿಯಲ್ಲಿ ಅವನಿಗೂ ಎಲೆ ಹಾಕುತ್ತೇನೆ ಎಂದಾಗ ದೊಡ್ಡ ಮಾವ ಹೌಹಾರಿದ್ದರು. ನಾಯಿಯ ಪಂಕ್ತಿಯಲ್ಲಿ ಹಿರಿಯರು ಉಣ್ಣುತ್ತಾರಾ ಎಂದು ಅವರ ಪ್ರಶ್ನೆ. ಅವ ಒಳಗೆ ಬರುವವನೇ ಅಲ್ಲವಲ್ಲ ಎಂದು ಅತ್ತೆಯ ಉತ್ತರ. ದೊಡ್ಡ ಮಾವ ಬೈದುಕೊಂಡೇ ಆದರೂ ಪ್ರತಿ ವರ್ಷ ಮಳೆಯಲ್ಲಿ ಕೊಡೆ ಹಿಡಿದು ನಿಲ್ಲುತ್ತ ಬಂದರು.

ನನ್ನ ಒಂದು ಅನುಮಾನ ಮಾತ್ರ ಉಳಿದಿತ್ತು. “ಅಲ್ಲ ಅತ್ತೆ, ನಾಯಿಗೆ ಕನ್ನಡದಲ್ಲಿ ‘ಅದು’ ಅಂತಾರೆ. ನೀವು ‘ಅವ’ ಅಂದದ್ದಕ್ಕೇ ನಾನು ದಾರಿ ತಪ್ಪಿದ್ದು,” ಎಂದೆ. ಅತ್ತೆ ಯೋಚಿಸಿದರು. “ಅದು ಅಂದರೆ ಬೇರೆ ನಾಯಿಗಳು. ಬೊಗ್ಗ ಅವ,” ಎಂದರು. ನಾನು ಓದಿದ ಯಾವ ವ್ಯಾಕರಣದಲ್ಲೂ ಈ ಸೂತ್ರವಿರಲಿಲ್ಲ.

ಆ ಸೂತ್ರ ಪ್ರೆಸ್ಸಿನಲ್ಲಿ ಉಪಯೋಗಕ್ಕೆ ಬಂತು. ಕಾರ್ಕಳದ ಆಚೆ, ಅಜೆಕಾರಿನ ಕಡೆಯ ಒಬ್ಬ ಕೃಷಿಕರು ಒಂದು ದಿನ ಕಾಗದ ಅಚ್ಚುಹಾಕಿಸಲು ಬಂದರು. ಅವರ ಕಂಬಳದ ಕೋಣ ಸತ್ತಿತ್ತು. ಊರಿಗೆಲ್ಲ ಊಟ ಹಾಕುವವರಿದ್ದರು. ‘ನಮ್ಮ ಮನೆಯ ಪ್ರೀತಿಯ ಚೆನ್ನನು ನಿಧನನಾದನು’ ಎಂದು ಬರೆದು ತಂದಿದ್ದರು. ನಾನು ಕೈಯ ಅಭ್ಯಾಸದಲ್ಲಿ ‘ನಿಧನ ಹೊಂದಿತು’ ಎಂದು ತಿದ್ದಿದೆ. “ಹೀಗೆ ಯಾಕೆ ಮೇಡಂ?” ಎಂದರು. “ಪ್ರಾಣಿಗಳು ನಪುಂಸಕಲಿಂಗ,” ಎಂದೆ. ಅವರ ಮುಖ ಕೆಂಪಾಯಿತು. “ನಮ್ಮ ಚೆನ್ನನನ್ನು ಹಾಗೆ ಹೇಳುವುದಾ ನೀವು? ಅವ ಎಂತ ಗಂಡು ಅಂತ ಕಂಬಳದ ಗದ್ದೆಯಲ್ಲಿ ಕೇಳಿ ನೋಡಿ,” ಎಂದರು. ಅತ್ತೆಯ ನೆನಪಾಗಿ ನನ್ನ ತಿದ್ದುಪಡಿಯನ್ನು ನಾನೇ ಹೊಡೆದುಹಾಕಿದೆ. ಕಾಗದ ತಲುಪಿಸಲು ಹೋದ ನಮ್ಮ ಮನೆಯವರು ಹಿಂತಿರುಗಿ, ಅವರ ಚಾವಡಿಯಲ್ಲಿ ಅಜ್ಜನ ಫೋಟೋದ ಪಕ್ಕದಲ್ಲೇ ಚೆನ್ನನ ಫೋಟೋ ಇದೆ, ಎರಡಕ್ಕೂ ಒಂದೇ ಅಳತೆಯ ಗಂಧದ ಹಾರ ಎಂದರು.

ಆಮೇಲೆ ನನಗೆ ಇದೇ ಒಂದು ಹುಚ್ಚಾಯಿತು. ಯಾರ ಮನೆಗೆ ಹೋದರೂ, ಸತ್ತ ನಾಯಿ ಬೆಕ್ಕುಗಳನ್ನು ನೀವು ಹೇಗೆ ನೆನೆಯುತ್ತೀರಿ ಎಂದು ಕೇಳುವುದು. ಉದ್ಯಾವರದ ಗೆಳತಿಯೊಬ್ಬಳ ಮನೆಯಲ್ಲಿ ಯಾವ ನಾಯಿ ಬಂದರೂ ಹಳೆಯ ನಾಯಿಯ ಹೆಸರನ್ನೇ ಇಡುತ್ತಾರೆ, ಮೊಮ್ಮಗನಿಗೆ ಅಜ್ಜನ ಹೆಸರಿಟ್ಟ ಹಾಗೆ. ಮಣಿಪಾಲದ ಒಬ್ಬ ಡಾಕ್ಟರ ತೋಟದಲ್ಲಿ ನಾಯಿಯ ಹೆಸರು ಕೆತ್ತಿದ ಕಲ್ಲಿತ್ತು. ಹೆಚ್ಚಿನ ಮನೆಗಳಲ್ಲಿ ತೆಂಗಿನ ಬುಡದಲ್ಲಿ ಹೂಳುತ್ತಾರೆ. ಬೊಗ್ಗನನ್ನೂ ಹಾಗೆಯೇ ಹೂಳಿದ್ದರು. ಆ ಮರದ ಕಾಯಿ ಹೆಚ್ಚು ಸಿಹಿ ಎಂದು ದೊಡ್ಡ ಮಾವನೇ ಹೇಳುತ್ತಿದ್ದರು. ಫೋನಿನಲ್ಲಿ ನಮ್ಮವ್ವನಿಗೆ ಇದನ್ನೆಲ್ಲ ಹೇಳಿದರೆ, “ನಾಯಿಗೆ ಎಲಿ ಹಾಕ್ತಾರೇನ ಅಲ್ಲೆ? ಚಲೋ ಆತು ಬಿಡು,” ಎಂದು ನಕ್ಕಳು. ಆಮೇಲೆ ತಾನೇ ನೆನಪು ಮಾಡಿಕೊಂಡು, ಸತ್ತ ಎತ್ತಿನ ಕೊರಳ ಗೆಜ್ಜೆಯನ್ನು ಅಜ್ಜ ತಲೆಬಾಗಿಲಿಗೆ ಕಟ್ಟಿದ್ದನ್ನು ಹೇಳಿದಳು. ಹುಡುಗಿಯಾಗಿದ್ದಾಗ ಆ ಗೆಜ್ಜೆಯನ್ನು ಅಲ್ಲಾಡಿಸಿ ನಾನು ಅಜ್ಜನಿಂದ ಬೈಸಿಕೊಂಡಿದ್ದೆ. ಯಾಕೆ ಬೈದ ಎಂದು ಗೊತ್ತಾಗಲು ಕಾಪುವಿನ ಒಂದು ನಾಯಿ ಬೇಕಾಯಿತು.

ಹೊಸ ಶತಮಾನ ಬಂದು ಕೆಲವು ವರ್ಷಗಳಲ್ಲಿ ಆ ಮನೆ ಪಾಲಾಯಿತು. ಹಳೆಯ ಮನೆ ದೊಡ್ಡ ಮಾವನಿಗೆ ಹೋಯಿತು, ನಾವು ಮಣಿಪಾಲದ ಒಂದು ಫ್ಲ್ಯಾಟಿಗೆ ಹೊರಟೆವು. ಸಾಮಾನಿನ ಟೆಂಪೋದಲ್ಲಿ ಮುಂದಿನ ಸೀಟು ಅತ್ತೆಗೆಂದು ಇಟ್ಟಿದ್ದೆವು. ಅವರು ಹತ್ತಲಿಲ್ಲ. ಹಿರಿಯರೆಲ್ಲ ಹೆಸರು ಹಿಡಿದು ಕರೆದರೆ ಎಲ್ಲಿಗೂ ಬರುತ್ತಾರೆ, ಬೊಗ್ಗ ಹಾಗಲ್ಲ, ಅವ ಜೊತೆಯಲ್ಲಿ ನಡೆದು ಬರುವವ, ದಾರಿ ತೋರಿಸಬೇಕು ಎಂದರು. “ಟೆಂಪೋದ ಹಿಂದೆ ಅವ ಅಷ್ಟು ದೂರ ಓಡಬೇಕಾ? ಬಸ್ಸಾದರೆ ಅವನಿಗೆ ಅಭ್ಯಾಸ ಉಂಟು.” ಒಮ್ಮೆ ಅತ್ತೆಯ ಹಿಂದೆಯೇ ಬಸ್ಸು ಹತ್ತಿ ಕಾಪು ಪೇಟೆ ನೋಡಿಬಂದವನಂತೆ ಅವ.

ಹಾಗಾಗಿ ಗಂಡ ಟೆಂಪೋದಲ್ಲಿ, ನಾನೂ ಅತ್ತೆಯೂ ಬಸ್ಸಿನಲ್ಲಿ. ಹೊರಡುವ ಮೊದಲು ಅತ್ತೆ ತೆಂಗಿನ ಬುಡಕ್ಕೆ ಹೋಗಿ ನಿಂತರು. ನಾಲಿಗೆಯಲ್ಲಿ ಒಂದು ಸದ್ದು ಮಾಡಿ, “ಬಾ ಬೊಗ್ಗ, ಹೋಗುವ,” ಎಂದರು. ರಸ್ತೆಯವರೆಗೂ ತಿರುತಿರುಗಿ ನೋಡುತ್ತ ನಡೆದರು. ಉಡುಪಿಯ ಬಸ್ಸು ಬಂತು. ಈ ಊರಿನ ಖಾಸಗಿ ಬಸ್ಸುಗಳ ಅವಸರ ನಿಮಗೆ ಗೊತ್ತು. ಒಂದು ಕಾಲು ಮೆಟ್ಟಿಲ ಮೇಲೆ ಬಿದ್ದರೆ ಇನ್ನೊಂದನ್ನು ಬಸ್ಸೇ ಎತ್ತಿಕೊಳ್ಳುತ್ತದೆ. ಅತ್ತೆ ಹತ್ತಿ ಬಾಗಿಲಲ್ಲೇ ನಿಂತು ಹೊರಗೆ ನೋಡಿದರು.

“ಅಮ್ಮ, ಬೇಗ ಒಳಗೆ ಬನ್ನಿ, ಟೈಮ್ ಆಯ್ತು,” ಎಂದ ಕಂಡಕ್ಟರ್. “ಇನ್ನು ಯಾರಾದ್ರೂ ಉಂಟಾ?”

“ಒಬ್ಬ ಉಂಟು,” ಎಂದರು ಅತ್ತೆ.

ಕಂಡಕ್ಟರ್ ರಸ್ತೆಯ ಉದ್ದಕ್ಕೂ ನೋಡಿದ. ಯಾರೂ ಇರಲಿಲ್ಲ. ಅತ್ತೆ ನಾಲಿಗೆಯಲ್ಲಿ ಆ ಸದ್ದು ಮಾಡಿ ಮೆಲ್ಲಗೆ, “ಬಾ, ಬಾ,” ಎಂದರು. ಬಸ್ಸಿನಲ್ಲಿದ್ದವರೆಲ್ಲ ಕತ್ತು ಉದ್ದಮಾಡಿದರು. ನಾನು ಕಿಟಕಿಯ ಹೊರಗಿನ ಗಿಡಮರಗಳನ್ನು ಎಂದೂ ಕಾಣದವಳಂತೆ ನೋಡುತ್ತ ಕೂತೆ. ಕಂಡಕ್ಟರ್ ಅತ್ತೆಯ ಮುಖ ನೋಡಿದ. ಬಾಯಲ್ಲಿದ್ದ ಸೀಟಿಯನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡ. ಬಾಗಿಲಿನಿಂದ ಒಂದು ಹೆಜ್ಜೆ ಸರಿದು ಜಾಗ ಬಿಟ್ಟ.

“ಬಂದ್ರಾ?” ಎಂದು ಕೇಳಿದ.

“ಬಂದ,” ಎಂದರು ಅತ್ತೆ.

“ರೈಟ್, ಪೋಯಿ,” ಎಂದು ಸೀಟಿ ಊದಿದ.

ಟಿಕೇಟು ಕೊಡಲು ಬಂದಾಗ ನಾನು ನಾಚಿಕೆಯಿಂದ ಏನೋ ವಿವರಣೆ ಕೊಡಲು ಹೊರಟೆ. ಅವ ಕೇಳಿಸಿಕೊಳ್ಳಲಿಲ್ಲ. “ಅದೆಲ್ಲ ಇರ್ತದೆ ಮೇಡಂ. ಮೊನ್ನೆ ಒಬ್ರು ಅವರ ಅಜ್ಜನನ್ನು ಹೀಗೆಯೇ ಕರ್ಕೊಂಡು ಹೋದ್ರು. ಪಕ್ಕದ ಸೀಟಲ್ಲಿ ಯಾರನ್ನೂ ಕೂರ್ಲಿಕ್ಕೆ ಬಿಡ್ಲಿಲ್ಲ,” ಎಂದ. ಮುಂದಿನ ಸೀಟಿನಿಂದ ಅತ್ತೆ ತಿರುಗಿ, “ಇವ ಸೀಟಿನಲ್ಲಿ ಕೂರುವವನಲ್ಲ,” ಎಂದರು. “ಹಾಗಾದ್ರೆ ಫುಟ್‌ಬೋರ್ಡಿನ ಜನ, ನಮ್ಮವರೇ,” ಎಂದು ಅವ ಮುಂದೆ ಹೋದ. ಅಜ್ಜನೋ, ಅಣ್ಣನೋ, ನಾಯಿಯೋ ಎಂದು ಅವ ಕೇಳಲೇ ಇಲ್ಲ. ಯಾರೋ ಒಬ್ಬರು ಹಿಂದೆ ಬಿದ್ದುಹೋಗಬಾರದು ಎಂಬಷ್ಟು ಅವನಿಗೆ ತಿಳಿದಿತ್ತು, ಅಷ್ಟು ಸಾಕಾಗಿತ್ತು. ಉಡುಪಿಯ ಸ್ಟ್ಯಾಂಡಿನಲ್ಲಿ ಮಣಿಪಾಲದ ಬಸ್ಸಿಗೆ ಬದಲಾಯಿಸುವಾಗ ಅತ್ತೆ ಮತ್ತೆ ಕರೆದರು. ಆ ಜನಜಂಗುಳಿಯಲ್ಲಿ ನಾನೂ ಒಮ್ಮೆ ಹಿಂತಿರುಗಿ ನೋಡಿದೆ. ಹೇಳಿದರೆ ನಗುತ್ತೀರಿ, ನನಗೂ ಅವನ ಕಾಳಜಿ ಹತ್ತಿತ್ತು.

ಫ್ಲ್ಯಾಟಿನಲ್ಲಿ ಜಗಲಿ ಇರಲಿಲ್ಲ. ಬಾಗಿಲ ಹೊರಗೆ, ಚಪ್ಪಲಿ ಇಡುವ ಸ್ಟ್ಯಾಂಡನ್ನು ಬದಿಗೆ ಸರಿಸಿ, ಆಟಿಯಲ್ಲಿ ಅಲ್ಲಿ ಬೊಗ್ಗನ ಎಲೆ ಹಾಕತೊಡಗಿದೆವು. ಅವ ಉಣ್ಣುವಾಗ ಕಾರಿಡಾರಿನಲ್ಲಿ ನಿಲ್ಲುವಂತಿಲ್ಲ. ನಾವೆಲ್ಲ ಮೆಟ್ಟಿಲಿಳಿದು ಕೆಳಗೆ ಪಾರ್ಕಿಂಗಿನಲ್ಲಿ ನಿಲ್ಲುತ್ತಿದ್ದೆವು. ಅಲ್ಲಿ ಮಳೆ ಬೀಳುವುದಿಲ್ಲ, ಆದರೂ ಅತ್ತೆ ಕೊಡೆ ಹಿಡಿದುಕೊಂಡೇ ಇಳಿಯುತ್ತಿದ್ದರು. ಆಮೇಲೆ ಆ ಎಲೆಯನ್ನು ಒಯ್ದು ಗೇಟಿನ ಬಳಿ ಬಿದ್ದುಕೊಂಡಿರುವ ನಾಯಿಗಳ ಮುಂದಿಡುವುದು. ಮಧ್ಯಾಹ್ನದ ಊಟಕ್ಕೆ ಮೇಜಿನ ಮೇಲೆ ಬಡಿಸಿದರೆ ಅತ್ತೆ ತಟ್ಟೆ ಎತ್ತಿಕೊಂಡು ಹೋಗಿ ಹೊಸ್ತಿಲ ಹತ್ತಿರ ನೆಲದಲ್ಲಿ ಕೂರುತ್ತಿದ್ದರು, ಬಾಗಿಲು ತೆರೆದುಕೊಂಡು. ಅಕ್ಕಪಕ್ಕದವರು ಏನೆಂದುಕೊಂಡಾರು ಎಂದು ನಾನು ಮೊದಮೊದಲು ಗೊಣಗಿದೆ. ಕೊನೆಗೆ ಆ ಬಾಗಿಲಿನಿಂದ ಗಾಳಿ ಚೆನ್ನಾಗಿ ಬರುತ್ತದೆ ಎಂಬುದನ್ನು ಒಪ್ಪಿಕೊಂಡೆ.

ಹೋದ ಚಳಿಗಾಲದಲ್ಲಿ ಅತ್ತೆ ತೀರಿಕೊಂಡರು. ಹೆಚ್ಚು ನರಳಲಿಲ್ಲ. ನನ್ನ ಅವ್ವನ ಜೊತೆ ಇದ್ದುದಕ್ಕಿಂತ ಹೆಚ್ಚು ದಿನ ನಾನು ಬಾಳಿದ್ದು ಅವರೊಡನೆ. ಅವರ ಮೊರವನ್ನು ಇನ್ನೂ ಅಟ್ಟದ ಮೇಲೆ ಇಟ್ಟಿದ್ದೇನೆ, ಹೊಗೆಸೊಪ್ಪಿನ ವಾಸನೆ ಹೋಗಿಲ್ಲ.

ಎಲೆ ಮಾರುವವಳ ಮುಂದೆ ನಾನು ತಡವರಿಸಿದ್ದು ಇದಕ್ಕೇ. ಎಲೆ ಎಷ್ಟು ಎನ್ನುವ ಮೊದಲು, ಅತ್ತೆಯ ಎಲೆಯನ್ನು ಎಲ್ಲಿ ಹಾಕುವುದು? ಒಳಗೆ, ಹಿರಿಯರ ಸಾಲಿನಲ್ಲಿ, ಮಾವನ ಪಕ್ಕದಲ್ಲಿ ಎನ್ನುತ್ತಾರೆ ನಮ್ಮ ಮನೆಯವರು. ಪದ್ಧತಿ ಅದೇ. ಆದರೆ ಒಳಗೆ ಕೂತು ಅತ್ತೆ ಯಾವಾಗ ಉಂಡರು? ಒಳಗೆ ಅವರು, ಹೊರಗೆ ಅವ, ನಡುವೆ ಮುಚ್ಚಿದ ಬಾಗಿಲು. ಅವ ಉಂಡನೋ ಇಲ್ಲವೋ ಎಂದು ಕಾಣದೆ ಅತ್ತೆ ತುತ್ತು ಎತ್ತುವುದಿಲ್ಲ. ಅತ್ತೆ ಉಣ್ಣುವುದನ್ನು ನೋಡದೆ ಅವ ಬಾಯಿ ಹಾಕುವುದಿಲ್ಲ. ಇಬ್ಬರೂ ಹಸಿದುಕೊಂಡು ಹೋದರೆ? ಸತ್ತವರು ಬಂದು ಉಣ್ಣುತ್ತಾರೆಂದು ನಾನು ನಂಬುತ್ತೇನೆಯೇ ಎಂದು ಕೇಳಬೇಡಿ. ಅದು ನನಗೆ ಗೊತ್ತಿಲ್ಲ. ಅತ್ತೆ ಹಸಿದು ಹೋಗುವುದು ಮಾತ್ರ ನನ್ನಿಂದ ಸಹಿಸಲಾಗದು ಎಂದು ಗೊತ್ತಿದೆ.

ಎಲೆ ಸಾಕಷ್ಟು ತಂದೆ. ಇಂದು ಬೆಳಿಗ್ಗೆ ಒಳಗಿನವರಿಗೆಲ್ಲ ಬಡಿಸಿ, ಅತ್ತೆಯ ಎಲೆಯನ್ನು ಹೊಸ್ತಿಲ ಒಳಬದಿಗೆ ಹಾಸಿದೆ. ಹೊಸ್ತಿಲ ಹೊರಬದಿಗೆ ಬೊಗ್ಗನದು. ಅತ್ತೆಗೆ ಗಂಜಿ, ಚಟ್ನಿ, ಅವರಿಗಿಷ್ಟವಾದ ಪತ್ರೊಡೆ. ಅವನಿಗೆ ಅನ್ನ, ಒಣಮೀನು, ಗೋಲಿಬಜೆ, ಜೊತೆಗೆ ನನ್ನ ಮದುವೆಯ ಎರಡನೆಯ ವರ್ಷದಿಂದ ಹಕ್ಕಾಗಿ ಬಂದ ಒಂದು ಸೌಟು ಕೋಳಿಸಾರು. ಗಂಡ ಬಾಗಿಲಿಗೆ ಕೈ ಹಾಕಿದರು. “ಇರಲಿ ಬಿಡಿ, ತೆರೆದೇ ಇರಲಿ,” ಎಂದೆ. “ಹಾಗೆ ಉಂಟಾ ಎಲ್ಲಿಯಾದರೂ?” ಎಂದರು. “ಒಳಗಿನವರಿಗೆ ನಾನು ಹೇಳಿದ್ದೇನೆ,” ಎಂದೆ. ಅವರು ನನ್ನನ್ನೂ ಎಲೆಗಳನ್ನೂ ನೋಡಿ, ಮೂಲೆಯಲ್ಲಿದ್ದ ಅತ್ತೆಯ ಕೊಡೆ ತೆಗೆದುಕೊಂಡು ಕೆಳಗಿಳಿದರು.

ನಾನು ಅವರ ಹಿಂದೆ ಹೊರಟಾಗ ಎದುರು ಫ್ಲ್ಯಾಟಿನ ಬಾಗಿಲು ತೆರೆಯಿತು. ಅಲ್ಲಿರುವ ನಫೀಸಾ ಉಚ್ಚಿಲದವರು, ಗಂಡ ದುಬೈಯಲ್ಲಿದ್ದಾರೆ. ಈ ಮಳೆಗಾಲದಲ್ಲಷ್ಟೇ ಬಂದ ಬ್ಯಾರಿ ಸಂಸಾರ. ಅವರ ಬೆಕ್ಕು ಸತ್ತು ವರ್ಷವಾದರೂ, ಮೀನು ಕೊಯ್ಯುವಾಗ ಇವತ್ತಿಗೂ ಕೈ ತಾನಾಗಿ ತಲೆಯನ್ನು ಬದಿಗಿಡುತ್ತದೆ, ಆಮೇಲೆ ನೆನಪಾಗುತ್ತದೆ ಎಂದು ಮೊನ್ನೆ ಹೇಳಿದ್ದರು. ನನ್ನ ಪ್ರಶ್ನೆಯ ಹುಚ್ಚು ಇನ್ನೂ ಬಿಟ್ಟಿಲ್ಲ, ನೋಡಿ.

“ಅಕ್ಕ, ಬಾಗಿಲು ಹಾಕ್ಲಿಕ್ಕೆ ಮರ್ತಿದ್ದೀರಿ,” ಎಂದರು.

“ಮರೆತದ್ದಲ್ಲ ನಫೀಸಾ. ಅತ್ತೆ ಊಟಕ್ಕೆ ಬರುವವರಿದ್ದಾರೆ.”

ಅತ್ತೆ ತೀರಿಹೋದ ವಿಷಯ ಅವರಿಗೆ ಗೊತ್ತು. ಒಳಗಿನ ಎಲೆಯನ್ನು ನೋಡಿ ತಲೆಯಾಡಿಸಿದರು. ಆಮೇಲೆ ಅವರ ಕಣ್ಣು ಹೊಸ್ತಿಲ ಈಚೆಗೆ ಬಂತು. “ಹೊರಗೆ ಇದು ಯಾರಿಗೆ?”

“ಬೊಗ್ಗನಿಗೆ.”

“ಬೊಗ್ಗ ಅಂದ್ರೆ? ನಿಮ್ಮ ಹಿರಿಯರಾ?”

ಅಂಗಳದ ಮಳೆ, ದೊಡ್ಡ ಮಾವನ ವಾಲಿದ ಕೊಡೆ, ಎಲ್ಲ ಒಂದು ಸಲ ಕಣ್ಣ ಮುಂದೆ ಬಂತು. ಈ ಸಲ ತಿದ್ದಬೇಕಾದವಳು ನಾನು. ನನ್ನ ಕಸುಬೇ ಅದು.

“ಹೌದು, ಹಿರಿಯರೇ,” ಎಂದೆ. “ಒಳಗೆ ಬರುವುದಿಲ್ಲ, ಅಷ್ಟೇ.”

ನಫೀಸಾ ಸೆರಗು ಸರಿಮಾಡಿಕೊಂಡು ಒಂದು ಹೆಜ್ಜೆ ಹಿಂದೆ ಸರಿದರು. “ಹಾಗಾದ್ರೆ ನಾನೂ ಬಾಗಿಲು ಹಾಕಿಕೊಳ್ತೇನೆ,” ಎಂದು ದನಿ ತಗ್ಗಿಸಿ ಹೇಳಿದರು. “ಅವರು ಆರಾಮದಲ್ಲಿ ಊಟ ಮಾಡ್ಲಿ.”